ಮಿಸ್ತ್ರಿಮಾಮನ ಅಳತೆ ಹುರಿ

ಅವರ ಬಲಗಿವಿಯ ಮುಂದೆ, ಕೆನ್ನೆ ಶುರುವಾಗುವಲ್ಲಿ, ನಾಲ್ಕಾಣೆಯಗಲದ ಚರ್ಮ ಗಟ್ಟಿಯಾಗಿ ಕಪ್ಪಾಗಿತ್ತು. ಅಷ್ಟು ವರ್ಷ ಅಲ್ಲಿ ಸ್ಕ್ರೂಡ್ರೈವರಿನ ಮರದ ಹಿಡಿ ಒತ್ತಿ ಒತ್ತಿ ಆದ ಗುರುತು. ಓಡುತ್ತಿರುವ ಇಂಜಿನ್ನಿನ ಮೈಗೆ ತುದಿ ಆನಿಸಿ, ಹಿಡಿಯನ್ನು ಕಿವಿಯ ಹತ್ತಿರ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತರೆಂದರೆ ಸುತ್ತಲಿನವರು ಕೆಮ್ಮುವುದನ್ನೂ ತಡೆದುಕೊಳ್ಳಬೇಕು. ಬೇಲೆಕೇರಿಯ ದೋಣಿಗಳ ಇಂಜಿನ್ನುಗಳೆಲ್ಲ ಅವರ ಕಿವಿಯನ್ನು ದಾಟಿಯೇ ಸಮುದ್ರಕ್ಕೆ ಇಳಿಯುತ್ತಿದ್ದವು. ಊರು ಅವರನ್ನು ಮಿಸ್ತ್ರಿ ಎನ್ನುತ್ತಿತ್ತು. ನನ್ನ ನರ್ಸರಿಯ ನೀರಿನ ಪಂಪು ರಿಪೇರಿಗೆ ಬಂದ ಮೊದಲ ದಿನವೇ ನನಗೆ ಅವರು ಮಿಸ್ತ್ರಿಮಾಮ ಆದರು.

ಅಮದಳ್ಳಿಯಲ್ಲಿ ನನ್ನದು ಸಣ್ಣ ನರ್ಸರಿ. ಆ ವರ್ಷಗಳಲ್ಲಿ ಹೆದ್ದಾರಿ ತುಂಬ ಅದಿರಿನ ಲಾರಿಗಳು, ಗಿಡಗಳ ಎಲೆಯ ಮೇಲೆಲ್ಲ ಕೆಂಪು ಧೂಳು. ದಿನವೂ ಬೆಳಿಗ್ಗೆ ಕ್ರೋಟನ್ನಿನ ಮುಖ ತೊಳೆಸುವುದೇ ಒಂದು ಕೆಲಸವಾಗಿತ್ತು. ಅಷ್ಟರಲ್ಲಿ ಪಕ್ಕದಲ್ಲೇ ಎದ್ದ ಹೊಸ ಕಾಲನಿಯ ಮೇಲ್ವಿಚಾರಕರು ಹದಿನೆಂಟು ಮನೆಗಳ ಅಂಗಳದಲ್ಲಿ ಹುಲ್ಲುಹಾಸು, ಹೂದೋಟ ಮಾಡಿಕೊಡುತ್ತೀರಾ ಎಂದು ಕೇಳಿದರು. ಮಳೆಗಾಲಕ್ಕೆ ಮುಂಚೆ ಮುಗಿಯಬೇಕು. ಗುದ್ದಲಿಯಲ್ಲಿ ಆಗುವ ಮಾತಲ್ಲ, ಯಂತ್ರ ಬೇಕು. ಮೊದಲು ಒಂದು ಅಂಗಳ ಮಾಡಿ ತೋರಿಸಿ, ಗೋಡೆ, ಪೈಪು ಯಾವುದಕ್ಕೂ ಪೆಟ್ಟಾಗದಿದ್ದರೆ ಉಳಿದ ಹದಿನೇಳೂ ನಿಮಗೆ, ಇಲ್ಲದಿದ್ದರೆ ಹೊರಗಿನ ಕಂತ್ರಾಟುದಾರರು ಕಾಯುತ್ತಿದ್ದಾರೆ ಎಂದರು. ಹೂಕುಂಡ ಮಾರುವವಳಾಗಿಯೇ ಉಳಿಯುತ್ತೇನೋ, ತೋಟ ಮಾಡುವವಳಾಗುತ್ತೇನೋ ಎನ್ನುವುದು ಆ ಒಂದು ಅಂಗಳದ ಮೇಲೆ ನಿಂತಿತ್ತು.

ಟ್ರ್ಯಾಕ್ಟರ್ ಎಂದ ಕೂಡಲೇ ಹಣಕೋಣದ ಭಾವ, ನನ್ನ ಯಜಮಾನರ ಅಣ್ಣ, ಎದ್ದು ಕೂತರು. ಅವರಿಗೆ ಗದ್ದೆಯಿದೆ. ತಗೊಂಡರೆ ದೊಡ್ಡದೇ ತಗೊಳ್ಳಬೇಕು, ಅಂಗಳಕ್ಕೂ ಆಯಿತು, ಗದ್ದೆಗೂ ಆಯಿತು ಎಂದು ಅವರ ವಾದ. ನಿಜ ಹೇಳಬೇಕೆಂದರೆ ನನಗೂ ದೊಡ್ಡದರ ಮೇಲೇ ಕಣ್ಣು. ಅದರ ಮೇಲೆ ಕೂತರೆ ಕಾಲನಿಯ ಎಲ್ಲ ಕಂಪೌಂಡುಗಳ ಒಳಗೂ ಕಾಣುತ್ತದಲ್ಲ ಎಂಬ ಆಸೆ.

ಮಿಸ್ತ್ರಿಮಾಮನಿಗೆ ಸುದ್ದಿ ಹೇಳಿದರೆ ಅವರು ಟ್ರ್ಯಾಕ್ಟರಿನ ಮಾತೇ ಎತ್ತಲಿಲ್ಲ. ಮರುದಿನ ಸೊಂಟಕ್ಕೆ ಬಲೆಯ ಹುರಿ ಸುತ್ತಿಕೊಂಡು ಬಂದರು. ಹದಿನೆಂಟೂ ಅಂಗಳ ನಡೆದರು. ಎಲ್ಲಕ್ಕಿಂತ ಕಿರಿದಾದ ಗೇಟಿಗೆ ಹುರಿ ಹಿಡಿದು ಒಂದು ಗಂಟು, ನೀರಿನ ಟಾಕಿಗೂ ಗೋಡೆಗೂ ನಡುವಿನ ಇಕ್ಕಟ್ಟಿಗೆ ಇನ್ನೊಂದು ಗಂಟು. ಪಟ್ಟಿ ಟೇಪು ಕೊಡಲು ಹೋದೆ, ಬೇಡವೆಂದರು. ಟೇಪು ಮನೆಯಲ್ಲಿ ಮರೆತು ಹೋಗುತ್ತದಂತೆ, ಸೊಂಟ ಮರೆತು ಹೋಗುವುದಿಲ್ಲವಂತೆ.

ಅಂಕೋಲೆಯ ಟ್ರ್ಯಾಕ್ಟರ್ ಅಂಗಡಿಗೆ ನಾನು, ಭಾವ, ಮಿಸ್ತ್ರಿಮಾಮ ಮೂವರೂ ಹೋದೆವು. ಅಂಗಡಿಯವನು ದೊಡ್ಡದೊಂದರ ಹಾರ್ಸ್‌ಪವರ್ ವರ್ಣಿಸತೊಡಗಿದ. ಭಾವ ತಲೆದೂಗುತ್ತಿದ್ದರು. ಮಿಸ್ತ್ರಿಮಾಮ ಸುಮ್ಮನೆ ಹಿಂದೆ ಹೋಗಿ ಕುಕ್ಕರಗಾಲಿನಲ್ಲಿ ಕೂತು, ಈ ಚಕ್ರದಿಂದ ಆ ಚಕ್ರಕ್ಕೆ ಹುರಿ ಎಳೆದರು. ಚಕ್ರ ಗಂಟನ್ನು ದಾಟಿ ಒಂದು ಗೇಣು ಹೊರಗಿತ್ತು.

"ಅಗಲ ಮೊದ್ಲು ನೋಡೂದು ತಂಗಿ. ಹೋಗೂಕೆ ಜಾಗ ಇಲ್ದಿದ್ರೆ ತಾಕತ್ತು ತಕಂಡು ಎಂತಾ ಮಾಡೂದು?" ಎಂದರು.

ಗೇಟು ಸ್ವಲ್ಪ ಒಡೆದು ಅಗಲ ಮಾಡಿಸಿದರಾಯಿತು ಎಂದ ಅಂಗಡಿಯವನು. "ಗೇಟು ಅವ್ರದು, ಗೋಡಿ ಅವ್ರದು. ಒಡೂಕೆ ನೀ ಬತ್ಯಾ?" ಎಂದು ಮಿಸ್ತ್ರಿಮಾಮ ಕೇಳಿದ್ದಕ್ಕೆ ಅವನು ನಮ್ಮನ್ನು ಮೂಲೆಯಲ್ಲಿದ್ದ ಸಣ್ಣ ಟ್ರ್ಯಾಕ್ಟರಿನ ಹತ್ತಿರ ಕರೆದೊಯ್ದ. ಅಲ್ಲಿಂದ ಶುರುವಾಯಿತು ಪರೀಕ್ಷೆ. ಹಿಂದಿನ ಅಂಗಳದ ಮರಳಿಗೆ ನಾಲ್ಕು ಬಕೆಟ್ ನೀರು ಹೊಯ್ಯಿಸಿ ಎರಡೂ ಟ್ರ್ಯಾಕ್ಟರ್ ಓಡಿಸಲು ಹೇಳಿದರು. ದೊಡ್ಡದರ ಚಕ್ರದ ಗುರುತಿನಲ್ಲಿ ಅವರ ಅಂಗೈ ಪೂರ್ತಿ ಮುಳುಗಿತು, ಸಣ್ಣದರಲ್ಲಿ ಬೆರಳಿನ ಎರಡು ಗೆಣ್ಣು ಮಾತ್ರ. ದೋಣಿಯನ್ನು ದಂಡೆಗೆ ಎಳೆದು ಬೆಳೆದವರಿಗೆ ಭಾರವಾದದ್ದು ಮರಳಿನಲ್ಲಿ ಏನು ಮಾಡುತ್ತದೆಂದು ಯಾರೂ ಕಲಿಸಬೇಕಿರಲಿಲ್ಲ. ಆಮೇಲೆ ಡೀಸೆಲ್ ಫಿಲ್ಟರಿನವರೆಗೆ ತಮ್ಮ ಕೈ ಹೋಗುತ್ತದೋ ಇಲ್ಲವೋ ನೋಡಿದರು, ನನ್ನ ಕೈಯನ್ನೂ ಹಾಕಿಸಿದರು. ಕೊನೆಗೆ ಸ್ಕ್ರೂಡ್ರೈವರ್ ಕಿವಿಗೇರಿತು. ಕಣ್ಣು ತೆರೆದವರು, ಇದನ್ನೇ ಎಂದರು. ಇದು ಆಟದ ಸಾಮಾನು ಎಂದು ಭಾವ ಗೊಣಗಿ, ಊರಿಗೆ ಬರುವವರೆಗೂ ಕಿಟಕಿಯ ಹೊರಗೇ ನೋಡುತ್ತ ಕೂತರು.

ಓಡಿಸಲು ನಾನೇ ಕಲಿಯಬೇಕೆಂದು ಮಿಸ್ತ್ರಿಮಾಮನ ಹಟ. ಅಂಗಡಿಯ ಬಯಲಿನಲ್ಲೇ ವಾರವಿಡೀ ಕಲಿಸಿದರು. ಆಮೇಲೆ ಬಂತು ಆ ಒಂದು ಅಂಗಳದ ದಿನ. ಬೆಳಿಗ್ಗೆಯೇ ಅವರು ಬಾನೆಟ್ಟಿಗೆ ಹೂವು ಮುಡಿಸಿ, ಕಾಯಿ ಒಡೆದು, ಒಂದು ಷರತ್ತು ಹಾಕಿದರು. ಹೊಸ ದೋಣಿ ಇಳಿಸಿದ ದಿನ ಅದನ್ನು ಹಿಂದಕ್ಕೆ ಸರಿಸುವುದು ಅವರ ಮನೆತನದಲ್ಲಿ ಇಲ್ಲ. ಹಾಗಾಗಿ ಟ್ರ್ಯಾಕ್ಟರಿಗೂ ಇವತ್ತು ರಿವರ್ಸ್ ಇಲ್ಲ. ಟಾಕಿ ಸುತ್ತಿ ಮುಂದಕ್ಕೇ ಬರಬೇಕು, ಗಂಟು ಅಳೆದದ್ದೇ ಅದಕ್ಕೆ ಎಂದರು. ನಾನು ತಲೆಯಾಡಿಸಿದೆ.

ಮೇಲ್ವಿಚಾರಕರು ಛತ್ರಿ ಹಿಡಿದು ನಿಂತಿದ್ದರು. ಭಾವ ತಮಾಷೆ ನೋಡಲೆಂದೇ ಹಣಕೋಣದಿಂದ ಬಂದಿದ್ದರು. ನಾನು ಗೇಟಿನೊಳಗೆ ನುಗ್ಗಿದೆ. ಮುಂದಿನ ಚಕ್ರ ಹೋಯಿತು, ಹಿಂದಿನ ದೊಡ್ಡ ಚಕ್ರವೂ ಹೋಯಿತು, ಎದೆ ಹಗುರಾಯಿತು ಎನ್ನುವಷ್ಟರಲ್ಲಿ ಹಿಂದೆ ಠಣ್ ಎಂದಿತು. ಮಣ್ಣು ಪುಡಿ ಮಾಡುವ ರೊಟವೇಟರನ್ನು ಹಿಂದೆ ಕಟ್ಟಿದ್ದೆವಲ್ಲ, ಅದು ಟ್ರ್ಯಾಕ್ಟರಿಗಿಂತ ಅಗಲ. ಎರಡೂ ಕಂಬಗಳಿಗೆ ತಾಗಿ ನಿಂತಿತ್ತು. ಅದನ್ನು ಅಳೆಯುವುದು ಮಿಸ್ತ್ರಿಮಾಮನಿಗೆ ಹೊಳೆದೇ ಇರಲಿಲ್ಲ.

ಮುಂದೆ ಹೋಗುವಂತಿಲ್ಲ, ಹಿಂದೆ ಸರಿಯಬಾರದು. ಹದಿನೇಳು ಅಂಗಳ ಕೈಬಿಟ್ಟು ಹೋಗುವುದು ಕಣ್ಣಿಗೇ ಕಾಣುತ್ತಿತ್ತು. ಒಂದು ಸಲ ರಿವರ್ಸ್ ಹಾಕಲೇ ಎಂಬಂತೆ ತಿರುಗಿ ನೋಡಿದೆ. ಮಿಸ್ತ್ರಿಮಾಮ ಬಂದು ಕಂಬ ಸವರಿ ನೋಡಿದರು, ಸುಣ್ಣ ಸ್ವಲ್ಪ ಉದುರಿತ್ತು ಅಷ್ಟೇ. ನೇರ ಮೇಲ್ವಿಚಾರಕರ ಎದುರು ಹೋಗಿ ನಿಂತರು.

"ತಪ್ಪು ನಂದೇ ಸಾಹೇಬ್ರೆ, ಹುಡ್ಗಿದಲ್ಲ. ನಾ ದೋಣಿ ಅಳ್ದಾಂಗೆ ಅಳ್ದೆ. ದೋಣಿ ಹಿಂದೆ ಇರೂದು ದೋಣಿಕಿಂತ ಅಗಲ ಇರೂದಿಲ್ಲ."

ಮೇಲ್ವಿಚಾರಕರಿಗೆ ನಗು ತಡೆಯಲಾಗಲಿಲ್ಲ. ಮಿಸ್ತ್ರಿಮಾಮ ಅಲ್ಲಿಯೇ ಮಲಗಿ ಪಿನ್ನು ಕಳಚಿ ರೊಟವೇಟರನ್ನು ಬಿಡಿಸಿದರು. ಟ್ರ್ಯಾಕ್ಟರ್ ಮುಂದೆ ಹೋಯಿತು. ಕಟ್ಟಡದ ಕೆಲಸಕ್ಕೆ ಬಿದ್ದಿದ್ದ ಉರುಟು ಕಂಬದ ತುಂಡುಗಳನ್ನು ತಂದು, ದೋಣಿಯ ಅಡಿಗೆ ಕೊಡುವಂತೆ ರೊಟವೇಟರಿನ ಅಡಿಗೆ ಕೊಟ್ಟು, ಅದನ್ನು ಓರೆ ತಿರುಗಿಸಿ ನೂಕತೊಡಗಿದರು. ಮೊದಲು ಕೈ ಹಾಕಿದವರು ಭಾವ. ಆಮೇಲೆ ಇಬ್ಬರು ಗಾರೆಯವರು. ಕಡೆಗೆ ಛತ್ರಿ ಮಡಚಿಟ್ಟು ಮೇಲ್ವಿಚಾರಕರೂ. ಟ್ರ್ಯಾಕ್ಟರ್ ಹಿಂದೆ ಬರಲಿಲ್ಲ, ರೊಟವೇಟರೇ ಉರುಳುತ್ತ ಅದರ ಹತ್ತಿರ ಹೋಯಿತು. ಮಧ್ಯಾಹ್ನದೊಳಗೆ ಅಂಗಳದ ಮಣ್ಣು ಹುಡಿಹುಡಿಯಾಗಿತ್ತು. ಹೊರಗೆ ಬರುವಾಗಲೂ ಅದೇ ಸರ್ಕಸ್ಸು.

ಕಿರಿದಾದ ರೊಟವೇಟರ್ ತಂದು ತೋರಿಸಿ ಎಂದರು ಮೇಲ್ವಿಚಾರಕರು. ಅಂಗಡಿಯವನು ಬದಲಾಯಿಸಿ ಕೊಟ್ಟ, ಹದಿನೇಳು ಅಂಗಳವೂ ನನ್ನದಾಯಿತು. ಮಿಸ್ತ್ರಿಮಾಮ ಹುರಿಗೆ ಮೂರನೆಯ ಗಂಟು ಹಾಕಿದರು, ಹೊಸ ರೊಟವೇಟರಿನ ಅಗಲಕ್ಕೆ. ತಮ್ಮ ದಡ್ಡತನದ ಗಂಟು ಎಂದು ಕಾಲನಿಯವರಿಗೆಲ್ಲ ತೋರಿಸಿ ನಗುತ್ತಿದ್ದರು. ತಿಂಗಳಿಗೊಮ್ಮೆ ಬಂದು ಟ್ರ್ಯಾಕ್ಟರಿಗೆ ಕಿವಿ ಕೊಟ್ಟು ಹೋಗುತ್ತಿದ್ದರು. ಒಂದು ಕಪ್ಪು ಚಹಾ ಬಿಟ್ಟರೆ ಬೇರೇನೂ ಕೇಳಿದವರಲ್ಲ.

ಮೂರು ವರ್ಷದ ಮೇಲೆ ಮಳೆಗಾಲದ ಶುರುವಿನಲ್ಲಿ ಅವರು ಹೋದರು, ಎರಡೇ ದಿನದ ಜ್ವರ. ಮಾತಾಡಿಸಲು ಮನೆಗೆ ಹೋದಾಗ ಅವರ ಹೆಂಡತಿ, ಮಾಮಿ, ಆ ಹುರಿಯನ್ನು ತಂದು ನನ್ನ ಕೈಗಿಟ್ಟರು. ಬೆರಳಾಡಿಸಿ ನೋಡಿದೆ, ಗಂಟು ಮೂರಲ್ಲ, ಐದು.

"ಒಂದು ನಮ್ಮ ಓಣಿದು, ಇನ್ನೊಂದು ಬಾವಿಗೂ ಗೋಡಿಗೂ ನಡೂದು. ಆಚೆ ಕಲ್ಲುಮಣ್ಣು ಸಮ ಮಾಡ್ಸಿ ನಂಗೆ ಅಬ್ಬಲಿಗೆ ಹೂಗಿಡ ನೆಡೂಕೆ ಜಾಗ ಮಾಡ್ಕೊಡ್ತೆ ಅಂತಿದ್ರು. ನಿಂಗೆ ಹೇಳೂಕೆ ನಾಚ್ಕೆ. ಕೆಲ್ಸದ ಗಡಿಬಿಡಿಲಿ ಇರ್ತದೆ ಹುಡ್ಗಿ, ಮುಂದಿನ್ ವರ್ಷ ನೋಡ್ವಾ ಅಂತಿದ್ರು," ಎಂದರು ಮಾಮಿ.

ಮೂರು ಸಲ ಮುಂದಿನ ವರ್ಷ ಬಂದು ಹೋಗಿತ್ತು. ನನಗೆ ಅಳು ಬಂತು, ಸಿಟ್ಟೂ ಬಂತು. ಒಂದು ಮಾತು ಕೇಳಬಾರದಿತ್ತೇ ಮಾಮಾ ಎಂದು ಗೋಡೆಯ ಮೇಲಿನ ಫೋಟೋ ನೋಡಿ ಬೈದೇ ಬಿಟ್ಟೆ. ಅದರಲ್ಲೂ ಬಲಗಿವಿಯ ಮುಂದಿನ ಕಪ್ಪು ಗುರುತು ಕಾಣುತ್ತಿತ್ತು.

ಮಳೆ ಬಿಟ್ಟ ಮೊದಲ ವಾರ ಟ್ರ್ಯಾಕ್ಟರಿಗೆ ಹೂವು ಮುಡಿಸಿ ಬೇಲೆಕೇರಿಗೆ ಹೊರಟೆ. ಭಾವನೂ ಹಿಂದೆ ಸ್ಕೂಟರಿನಲ್ಲಿ ಬಂದರು. ಆ ಓಣಿಯ ಎರಡೂ ಕಡೆ ಕಲ್ಲಿನ ಪಾಗಾರದ ಗೋಡೆ. ರೊಟವೇಟರಿನ ಆಚೆಗೂ ಈಚೆಗೂ ನಾಲ್ಕು ನಾಲ್ಕು ಬೆರಳು ಜಾಗ ಉಳಿದಿತ್ತು, ಎಲ್ಲಿಯೂ ತಾಗಲಿಲ್ಲ. ಮಾಮಿ ತೋರಿಸಿದಷ್ಟೂ ನೆಲ ಹದ ಮಾಡಿದೆ. ಹೊರಡುವಾಗ ಭಾವ ರಿವರ್ಸ್ ತೆಗೆಯಲು ಕೈ ತೋರಿಸುತ್ತ ಓಣಿಯಲ್ಲಿ ನಿಂತಿದ್ದರು. ನಾನು ಬಾವಿಯನ್ನು ಸುತ್ತು ಹಾಕಿ ಮುಂದಕ್ಕೇ ಹೊರಗೆ ಬಂದೆ.