ಹೊಟ್ಟೆಗೆ ಏನೂ ಆಗಿರಲಿಲ್ಲ

ಜರ್ಮನಿಗೆ ಹೋಗುವುದು ನಿಶ್ಚಯವಾದಾಗಿನಿಂದ ನಮ್ಮ ಮನೆಯಲ್ಲಿ ಎಲ್ಲರಿಗೂ ಅಜ್ಜಿಯದೇ ಚಿಂತೆ. ಎಪ್ಪತ್ತು ದಾಟಿದ ಹೆಂಗಸು. ಪುಣೆಗೆ ಬಂದು ಇಷ್ಟು ವರ್ಷವಾದರೂ ತರಕಾರಿಯವನನ್ನು ಬೈಯುವುದಕ್ಕೆ ಬೇಕಾದಷ್ಟು ಮರಾಠಿ ಮಾತ್ರ ಕಲಿತವಳು. ಅಲ್ಲಿ ಇಡೀ ಬೇಸಿಗೆ ರಜೆ ಹೇಗೆ ಕಳೆದಾಳು? ಊರು ನೆನಪಾಗಿ ಅತ್ತರೆ ಏನು ಗತಿ? ಅದಕ್ಕೆಂದು ಒಂದು ಇಡೀ ಸೂಟ್‌ಕೇಸು ಅವಳ ಪಾಲಿಗೆ ಹೋಯಿತು: ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ, ಒಂದು ಬಾಟಲಿ ಔಡಲೆಣ್ಣೆ, ಮತ್ತು ಅಷ್ಟನ್ನೂ ಹೊತ್ತು ಸೋತುಹೋಗುವ ನನ್ನ ಅಪ್ಪ.

ನನ್ನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನನಗೆ ಆಗ ಹದಿನೈದು. ಎರಡು ಸಾವಿರದ ಇಸವಿ ಆಗಷ್ಟೇ ಬಂದುಹೋಗಿತ್ತು. ನಮ್ಮ ಸೊಸೈಟಿಯಲ್ಲಿ ಮಹಾಬಳೇಶ್ವರಕ್ಕಿಂತ ದೂರ ಹೋದವರು ಕಡಿಮೆ. ನಾನು ಕಟ್ಟೆಯ ಮೇಲೆ ಕೂತು ಗೆಳತಿಯರಿಗೆ ವಿಮಾನ, ಹಿಮ, ಚಾಕೊಲೇಟು ಎಂದು ಇಲ್ಲಸಲ್ಲದ್ದನ್ನೆಲ್ಲ ಕೊರೆದು ಅವರ ಹೊಟ್ಟೆ ಉರಿಸಿದ್ದೆ. ನನಗೆ ಮನೆ ನೆನಪಾಗುತ್ತದೆ ಎಂಬ ಸಂಶಯ ನನಗೇ ಇರಲಿಲ್ಲ.

ನಾವು ಹೋದದ್ದು ಅತ್ತಿಯ ಮನೆಗೆ, ಅಂದರೆ ಅಪ್ಪನ ತಂಗಿಯ ಮನೆಗೆ. ಅವಳ ಗಂಡ, ನಮ್ಮ ಮಾಮಾ, ಪುಣೆಯ ಹತ್ತಿರ ತಳೇಗಾಂವದ ಕಡೆ ಒಂದು ಕಾರ್ಖಾನೆಯಲ್ಲಿದ್ದ. ಅದರ ಮಾಲೀಕರು ಜರ್ಮನಿಯವರು. ಹೊಸ ಯಂತ್ರ ಕಲಿಯಲೆಂದು ಅವನನ್ನು ತಮ್ಮ ಊರಿಗೆ ಕರೆಸಿಕೊಂಡಿದ್ದರು. ಅಪ್ಪನದು ಪೇಟೆಯ ಓಣಿಯಲ್ಲಿ ಮ್ಯಾಚಿಂಗ್ ಸೆಂಟರ್. ಸೀರೆಗೆ ಹೊಂದುವ ಬ್ಲೌಸ್‌ಪೀಸು, ಫಾಲು, ಅಸ್ತರು. ಅಂಗಡಿ ಬಿಟ್ಟು ಒಂದು ದಿನವೂ ಇರದ ಮನುಷ್ಯ ತಂಗಿ ಬನ್ನಿರೆಂದು ಫೋನಿನಲ್ಲಿ ಅತ್ತಳೆಂದು ಒಪ್ಪಿಕೊಂಡು, ಷಟರ್ ಎಳೆದು, ವಿಮಾನ ಹತ್ತಿದ.

ಇಳಿದದ್ದು ರವಿವಾರ. ಊರು ಸಣ್ಣದು, ಚೊಕ್ಕ, ಹೂಕುಂಡಗಳಿಂದ ತುಂಬಿದ್ದು. ಸಪ್ಪಳ ಮಾತ್ರ ಇಲ್ಲ. ರವಿವಾರ ಅಲ್ಲಿ ಮೊಳೆ ಕೂಡ ಹೊಡೆಯುವಂತಿಲ್ಲ ಎಂದು ಮಾಮಾ ಹೆಮ್ಮೆಯಿಂದ ಹೇಳಿದ, ಆ ಕಾನೂನು ತಾನೇ ಮಾಡಿದವನ ಹಾಗೆ. ಅಂಗಡಿ ಮುಚ್ಚಿದ್ದವು. ಅಂಗಡಿ ಮುಚ್ಚುವುದು ಪುಣೆಯವಳಾದ ನನಗೆ ಹೊಸದಲ್ಲ, ನಮ್ಮಲ್ಲಿಯೂ ಮಧ್ಯಾಹ್ನ ಒಂದರಿಂದ ನಾಲ್ಕು ಯಾರೂ ಅಂಗಡಿ ತೆರೆಯುವುದಿಲ್ಲ. ಆದರೆ ನಮ್ಮವರು ಮುಚ್ಚುವುದು ಗಿರಾಕಿಯನ್ನು ನಾಲ್ಕು ಮಾತು ಅಂದು, ಬಾಗಿಲನ್ನು ದಡಾರನೆ ಎಳೆದು. ಇಲ್ಲಿ ಊರಿಗೆ ಊರೇ ಬಾಯಿಮುಚ್ಚಿಕೊಂಡು ಮುಚ್ಚಿತ್ತು.

ಅದರ ಮೇಲೆ ಸಂಜೆಯೆಂಬುದೇ ಬರುತ್ತಿರಲಿಲ್ಲ. ಊಟವಾದರೂ ಬಿಸಿಲು, ಪಾತ್ರೆ ತೊಳೆದರೂ ಬಿಸಿಲು. ಅಜ್ಜಿ ದೇವರ ದೀಪ ಹಚ್ಚಲು ಹೊತ್ತು ಮುಳುಗುವುದನ್ನೇ ಕಾಯುತ್ತ ಕಿಟಕಿಯ ಹತ್ತಿರ ತೂಕಡಿಸುತ್ತಿದ್ದಳು. ನಾಲ್ಕನೆಯ ಸಲ ಎಚ್ಚರವಾದಾಗ, "ಈ ಸೂರ್ಯಗ ಮನಿ ಮಠ ಇಲ್ಲೇನು?" ಎಂದು ಬೈದು, ಬಿಸಿಲಲ್ಲೇ ದೀಪ ಹಚ್ಚಿ ಮಲಗಿಬಿಟ್ಟಳು. ಅವಳ ತೊಂದರೆ ಅಲ್ಲಿಗೆ ಮುಗಿಯಿತು. ನನ್ನದು ಶುರುವಾಯಿತು.

ಮರುದಿನ ಒಬ್ಬ ಮುದುಕ ಮೊಪೆಡ್ಡಿನ ಮೇಲೆ ಕಿಟಕಿಯ ಕೆಳಗೆ ಹೋದ. ನಮ್ಮ ಓಣಿಯ ಹಾಲಿನವನ ಗಾಡಿಯದೇ ಸಪ್ಪಳ, ಅದೇ ಕೆಮ್ಮು. ನನ್ನ ಕೈಯಲ್ಲಿದ್ದ ಬ್ರೆಡ್ಡು ಕೈಯಲ್ಲೇ ಉಳಿಯಿತು. ಓಡಿಹೋಗಿ ಬಾತ್‌ರೂಮಿನ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ಬಿಕ್ಕಿ ಬಿಕ್ಕಿ ಅತ್ತೆ. ಹೊರಗೆ ಬಂದು ಮತ್ತೆ ಬ್ರೆಡ್ಡು ನೋಡಿದೆ, ಮತ್ತೆ ಅಳು ಬಂತು, ಮತ್ತೆ ಒಳಗೆ ಹೋದೆ. ಆ ಮನೆಯಲ್ಲಿ ಇದ್ದದ್ದು ಒಂದೇ ಬಾತ್‌ರೂಮು. ಹೊರಗೆ ಆರು ಜನರ ಮನೆಯ ಉಳಿದ ಐವರು.

"ಮುಂಜಾನಿಂದ ಎಷ್ಟ್ ಸರ್ತಿ ಒಳಗ ಹೋಗ್ತಿ?" ಅವ್ವ ಬಾಗಿಲ ಆಚೆಯಿಂದ ಕೇಳಿದಳು. "ಹೊಟ್ಟಿ ಸಾಫ್ ಆಗವಲ್ದೇನು?"

ಹದಿನೈದನೆಯ ವಯಸ್ಸಿನಲ್ಲಿ ಮನೆ ನೆನಪಾಗುತ್ತಿದೆ ಎನ್ನುವುದಕ್ಕಿಂತ ಮಲಬದ್ಧತೆ ಹೆಚ್ಚು ಮರ್ಯಾದೆಯ ರೋಗವೆಂದು ನನಗೆ ಅನಿಸಿತು. "ಹೂಂ" ಅಂದೆ.

ಅದೊಂದು ಹೂಂ ನನ್ನನ್ನು ಮುಳುಗಿಸಿತು. ಅವ್ವ ಇಸಬಗೋಲ ಕಲಸಿಕೊಟ್ಟಳು. ಅತ್ತಿ ಓಂಕಾಳು ಕುದಿಸಿದಳು. ಮಾಮಾ ಈ ದೇಶದಲ್ಲಿ ಎಲ್ಲದಕ್ಕೂ ವ್ಯವಸ್ಥೆಯಿದೆ ಎನ್ನುತ್ತ ಒಣಗಿದ ಹಣ್ಣಿನ ದೊಡ್ಡ ಪೊಟ್ಟಣ ತಂದ. ಯಾವುದಕ್ಕೂ ನಾನು ಬಾತ್‌ರೂಮಿಗೆ ಹೋಗುವುದು ನಿಲ್ಲದಿರುವುದನ್ನು ನೋಡಿ ಅಜ್ಜಿ ತನ್ನ ಸೂಟ್‌ಕೇಸಿನಿಂದ ಔಡಲೆಣ್ಣೆ ತೆಗೆದಳು. ಅಪ್ಪ ಕೈ ಹಿಡಿದ, ಅವ್ವ ಮೂಗು ಹಿಡಿದಳು. ಎಣ್ಣೆ ತನ್ನ ಕೆಲಸ ಚೆನ್ನಾಗಿಯೇ ಮಾಡಿತು. ಆ ದಿನವೆಲ್ಲ ನಾನು ಬಾತ್‌ರೂಮಿನಲ್ಲೇ ಇದ್ದೆ. ಅಳುವುದಕ್ಕೆ ಒಂದು ಗಳಿಗೆಯೂ ಪುರುಸೊತ್ತು ಸಿಗಲಿಲ್ಲ.

ಅಜ್ಜಿ ಮಾತ್ರ ದಿನದಿನಕ್ಕೂ ಅರಳುತ್ತಿದ್ದಳು. ಪಕ್ಕದ ಮನೆಯಲ್ಲಿ ಅವಳದೇ ವಯಸ್ಸಿನ ಒಬ್ಬ ಮುದುಕಿ ಒಂಟಿಯಾಗಿದ್ದಳು. ಅವಳ ಹಿತ್ತಲ ಹುಲ್ಲಿನಲ್ಲಿ ಹಳದಿ ಹೂವಿನ ಒಂದು ಕಳೆ ಎದ್ದಿತ್ತು. ಅಜ್ಜಿಗೆ ಅದು ನಮ್ಮ ಕಡೆ ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಹಕ್ಕರಕಿ ಸೊಪ್ಪಿನ ಹಾಗೆ ಕಂಡಿತು. ಯಾರನ್ನೂ ಕೇಳದೆ ಬೇಲಿ ದಾಟಿ, ಕಚ್ಚೆ ಬಿಗಿದು, ಕಿತ್ತು ಉಡಿ ತುಂಬಿಕೊಂಡಳು. ಮುದುಕಿ ಹೊರಗೆ ಬಂದಳು. ಪೊಲೀಸರೇ ಬರುತ್ತಾರೆಂದು ಅತ್ತಿ ಹೆದರಿ ನಿಂತಿದ್ದರೆ, ಆ ಮುದುಕಿ ಕಳೆ ಕೀಳಲು ಆಳು ಸಿಕ್ಕಿತೆಂದು ಹಿಗ್ಗಿ ಕಾಫಿ ಕೊಟ್ಟಳು. ಅಲ್ಲಿಂದ ಮುಂದೆ ಇಬ್ಬರೂ ದಿನಾ ಹಿತ್ತಲಲ್ಲಿ ಕೂತು, ಅವಳು ಜರ್ಮನ್‌ನಲ್ಲಿ, ಇವಳು ವಿಜಾಪುರದ ಕನ್ನಡದಲ್ಲಿ, ಸೊಸೆಯಂದಿರ ಬಗ್ಗೆ ಮಾತಾಡುತ್ತಿದ್ದರು. ಸೊಸೆಯಂದಿರ ಬಗ್ಗೆಯೇ ಎಂದು ಅವ್ವನಿಗೆ ಖಾತ್ರಿಯಿತ್ತು.

ಒಂದು ದಿನ ಆ ಮುದುಕಿ ಬೇಯಿಸಿದ ಹಣ್ಣಿನ ಒಂದು ಬಟ್ಟಲು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಳು. ನನ್ನತ್ತ ಕನಿಕರದಿಂದ ನೋಡಿ ತನ್ನ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡಳು. ನನ್ನ ಕರುಳಿನ ಸುದ್ದಿಯನ್ನು ಅಜ್ಜಿ ಭಾಷೆಯ ಹಂಗಿಲ್ಲದೆ ಹೇಗೆ ಅಭಿನಯಿಸಿ ತೋರಿಸಿರಬಹುದು ಎಂದು ಊಹಿಸಿ ನಾನು ಮತ್ತೆ ಬಾತ್‌ರೂಮಿಗೆ ಹೋದೆ.

ಕೊನೆಗೆ, ಹುಡುಗಿಗೆ ಗಾಳಿ ಬದಲಾಗಲಿ ಎಂದು ಮಾಮಾ ನಮ್ಮೆಲ್ಲರನ್ನೂ ಗುಡ್ಡದ ಮೇಲಿನ ಒಂದು ಕೋಟೆ ತೋರಿಸಲು ಕರೆದೊಯ್ದ. ಟಿಕೆಟ್ಟಿಗೆ ಉದ್ದ ಸಾಲು. ನಾನು ಸಾಲಿನಿಂದ ಹಿಂದೆ ಉಳಿದು, ಗಾಡಿ ನಿಲ್ಲಿಸುವ ಬಯಲಿನ ಕಡೆ ಸುಮ್ಮನೆ ತಿರುಗಿದೆ. ಆಗ ವಾಸನೆ ಬಂತು. ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ. ಕನಸೆಂದುಕೊಂಡೆ. ಆದರೂ ಕಾಲು ಅತ್ತಲೇ ನಡೆದವು.

ಒಂದು ದೊಡ್ಡ ಬಸ್ಸಿನ ಹಿಂದೆ, ಸೀರೆಯ ಮೇಲೆ ಸ್ವೆಟರು, ಸೀರೆಯ ಕೆಳಗೆ ಬಿಳಿ ಸ್ಪೋರ್ಟ್ಸ್ ಬೂಟು ಹಾಕಿದ ಹೆಂಗಸರು. ಬೇಸಿಗೆಯಲ್ಲೂ ಕಿವಿ ಮುಚ್ಚುವ ಟೋಪಿ ಹಾಕಿದ ಗಂಡಸರು. ಅಡುಗೆಯವನನ್ನೂ ಜೊತೆಗೇ ಕರೆದುಕೊಂಡು ಯುರೋಪ್ ನೋಡಲು ಬಂದ ಮರಾಠಿ ಪ್ರವಾಸಿಗಳ ತಂಡ. ಅಡುಗೆಯವನು ದೊಡ್ಡ ಡಬ್ಬಿಯಿಂದ ಅವಲಕ್ಕಿ ಬಡಿಸುತ್ತಿದ್ದ, ಅವರು ಕೋಟೆಗೆ ಬೆನ್ನು ಮಾಡಿ ನಿಂತು, ಇವತ್ತು ಉಪ್ಪು ಕಡಿಮೆ ಎಂದು ಅವನಿಗೆ ಹೇಳುತ್ತಿದ್ದರು. ನಾನು ಮೂರು ಮಾರು ದೂರದಲ್ಲಿ ನಿಂತು ನೋಡುತ್ತ ಇದ್ದುಬಿಟ್ಟೆ.

"ಅಗಂ, ಕುಠಲೀ ತೂ?" ಅವ್ವನ ವಯಸ್ಸಿನ ಒಬ್ಬ ದಪ್ಪ ಹೆಂಗಸು, ಪುಣೆಯ ಮಾತಿನಲ್ಲಿ ಕಾಕು, ಕೇಳಿದಳು. ಯಾವ ಊರಿನವಳೇ ನೀನು ಎಂದು.

"ಪುಣ್ಯಾಚೀ" ಅಂದೆ.

"ಪುಣ್ಯಾತ ಕುಠೇ?" ಪುಣೆಯಲ್ಲಿ ಎಲ್ಲಿ? ಪುಣೆಯವರಿಗೆ ಯಾವ ಪೇಟೆ, ಅಂದರೆ ಊರಿನ ಯಾವ ಭಾಗ, ಎಂದು ತಿಳಿಯುವ ತನಕ ಸಮಾಧಾನವಿಲ್ಲ.

ನಾನು ಪೇಟೆ ಹೇಳಿದೆ, ಓಣಿ ಹೇಳಿದೆ, ಮೂಲೆಯ ಹಿಟ್ಟಿನ ಗಿರಣಿ ಹೇಳಿದೆ. ಗಿರಣಿಗೆ ಬರುವಷ್ಟರಲ್ಲಿ ಮೂಗಿನಿಂದ ನೀರು ಸುರಿಯುತ್ತಿತ್ತು. ಕಾಕು ಅವಲಕ್ಕಿ ಹಾಕಿಸಿ ಒಂದು ತಟ್ಟೆ ಕೈಗೆ ಕೊಟ್ಟಳು. ಅಷ್ಟರಲ್ಲಿ ಮಳೆ ಹನಿಯಿತು. ಎಲ್ಲರೂ ಬಸ್ಸು ಹತ್ತಿದರು. ತಟ್ಟೆ ಹಿಡಿದುಕೊಂಡು ನಾನೂ ಹತ್ತಿ ಕಾಕುವಿನ ಪಕ್ಕ ಕೂತೆ.

ತಂಡದ ಮ್ಯಾನೇಜರ್ ತಲೆ ಎಣಿಸಿದ. ಒಂದು ಹೆಚ್ಚು ಬಂತು. ಮತ್ತೆ ಎಣಿಸಿದ. ಯಾವಾಗಲೂ ಒಂದು ಕಡಿಮೆ ಬರುವುದು ಅವನಿಗೆ ರೂಢಿ, ಹೆಚ್ಚಾದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅವನು ಮೂರನೆಯ ಸಲ ಎಣಿಸುತ್ತಿರುವಾಗ ಕಾಕು ನನ್ನ ಮನೆತನದ ವಿಚಾರಣೆ ಮುಂದುವರಿಸಿದಳು. ಅಪ್ಪನದು ಏನು? ಮ್ಯಾಚಿಂಗ್ ಸೆಂಟರ್. ಯಾವುದು, ಆ ಮಾರುತಿ ಗುಡಿಯ ಎದುರಿನದೇ?

"ತೋ ಕಾನಡೀ ಮಾಣೂಸ? ಫಾರ ಉದ್ಧಟ!" ಆ ಕನ್ನಡದವನೇ, ಮಹಾ ಉದ್ಧಟ, ಎಂದು ಕಾಕು ಅರ್ಧ ಬಸ್ಸಿಗೆ ಕೇಳುವಂತೆ ಹೇಳಿದಳು. ತಾನು ಬ್ಲೌಸ್‌ಪೀಸಿನ ಬಣ್ಣ ಹೊಂದುತ್ತಿಲ್ಲ ಎಂದು ವಾಪಸ್ ಒಯ್ದರೆ, ತಪ್ಪು ನಿಮ್ಮ ಸೀರೆಯದು ಅಂದಿದ್ದನಂತೆ.

"ಅವರೇ ನಮ್ಮಪ್ಪ" ಅಂದೆ, ಬಾಯಲ್ಲಿ ಅವಲಕ್ಕಿ ಇಟ್ಟುಕೊಂಡು.

ಕಾಕು ಅಡುಗೆಯವನ ಕಡೆ ತಿರುಗಿ, ಈ ಹುಡುಗಿಗೆ ಇನ್ನೊಂದಿಷ್ಟು ಹಾಕು ಅಂದಳು.

ಅಪ್ಪ ಬಂದದ್ದು ಆಗಲೇ. ಮಾಮಾ ಕೋಟೆಯ ಒಳಗೆ ನನ್ನ ಹೆಸರನ್ನು ಜರ್ಮನ್‌ನಲ್ಲಿ ಕೂಗಿಸುತ್ತಿದ್ದನಂತೆ, ಅವ್ವ ಮತ್ತು ಅತ್ತಿ ಹೆಂಗಸರ ಶೌಚಾಲಯಗಳನ್ನೆಲ್ಲ ಬಡಿದು ನೋಡುತ್ತಿದ್ದರಂತೆ, ನನ್ನ ರೋಗ ಅವರಿಗೆ ಗೊತ್ತಿತ್ತಲ್ಲ. ಅಪ್ಪ ಒಬ್ಬನೇ ಬಯಲಿಗೆ ಬಂದು, ಮಳೆಯಲ್ಲಿ ಓಡಾಡಿ, ಬಸ್ಸಿನ ಗಾಜಿನಲ್ಲಿ ಮಗಳು ತಿನ್ನುತ್ತಿರುವುದನ್ನು ಕಂಡ.

"ಏ ಹುಚ್ಚಿ! ಇಲ್ಲೇನ್ ಮಾಡ್ಲಿಕತ್ತೀ? ನಮ್ಮ ಜೀವ ಹೋಗೂದೊಂದು ಬಾಕಿ ಇತ್ತು!" ಎಂದು ಕೂಗುತ್ತ ಮೆಟ್ಟಿಲು ಹತ್ತಿದ. ಆಮೇಲೆ ಕಾಕುವನ್ನು ಕಂಡ.

"ತುಮ್ಹೀ!" ಅಂದಳು ಅವಳು, ನೀವಾ ಎಂದು.

"ರಾಣಿ ಕಲರ್!" ಅಂದ ಅಪ್ಪ. ಗಿರಾಕಿಯ ಹೆಸರು ಮರೆತರೂ ಬ್ಲೌಸ್‌ಪೀಸಿನ ಬಣ್ಣ ಮರೆಯುವವನಲ್ಲ.

ಕಳೆದುಹೋಗಿದ್ದ ಅಣ್ಣ ತಂಗಿ ಸಿಕ್ಕ ಹಾಗಾಯಿತು. ಇಬ್ಬರೂ ಆ ಬ್ಲೌಸ್‌ಪೀಸಿನ ಜಗಳವನ್ನು ಮೊದಲಿನಿಂದ ಮತ್ತೊಮ್ಮೆ ಆಡಿದರು, ಬಲು ಖುಷಿಯಿಂದ, ಯಾರೂ ಸೋಲದ ಹಾಗೆ. ಅಪ್ಪನ ಕೈಗೂ ತಟ್ಟೆ ಬಂತು. ತಿನ್ನುತ್ತ ಅವನ ಕಣ್ಣಲ್ಲಿ ನೀರು ಬಂತು, ಮೆಣಸಿನಕಾಯಿ ಖಾರ ಅಂದ. ಆಮೇಲೆ ಕಾಕು ಮಾತಿಗೆ ಮಾತು ಎಂಬಂತೆ ಕೇಳಿದಳು, ನೀವು ಮೂಲ ಎಲ್ಲಿಯವರು ಎಂದು.

ಈ ಪ್ರಶ್ನೆ ನಾನು ನೂರು ಸಲ ಕೇಳಿದ್ದೆ, ಅದಕ್ಕೆ ಅಪ್ಪನ ಉತ್ತರವನ್ನೂ. ಬೆನ್ನು ನೆಟ್ಟಗೆ ಮಾಡಿ, ನಾವು ವಿಜಾಪುರದವರು ಎನ್ನುತ್ತಿದ್ದ. ನಿನ್ನೆ ಪುಣೆಗೆ ಬಂದು ನಾಳೆ ರೈಲು ಹತ್ತುವವನ ಹಾಗೆ. ನಾನು ಪುಣೆಯಲ್ಲೇ ಹುಟ್ಟಿದವಳು ಎಂಬುದು ಆ ಉತ್ತರದಲ್ಲಿ ಎಲ್ಲಿಯೂ ಇರುತ್ತಿರಲಿಲ್ಲ. ಅವತ್ತು ಅಪ್ಪ ಅವಲಕ್ಕಿ ನುಂಗಿ, "ಆಮ್ಹೀ? ಆಮ್ಹೀ ಪುಣ್ಯಾಚೇಚ" ಅಂದ. ನಾವು ಪುಣೆಯವರೇ. ನಾನು ತಟ್ಟೆಯಿಂದ ತಲೆ ಎತ್ತಿ ನೋಡಿದೆ. ಅವನು ನನ್ನ ಕಡೆ ನೋಡಲಿಲ್ಲ.

ಬಸ್ಸು ಹೋದಮೇಲೆ ಕೋಟೆಯ ಕಡೆ ನಡೆಯುತ್ತ ಅಪ್ಪ ಮೆಲ್ಲಗೆ ಕೇಳಿದ, "ನಿಂದು ಹೊಟ್ಟಿ ಅಲ್ಲಲ್ಲಾ?"

"ಅಲ್ಲ."

"ಮನಿ ನೆನಪಾಗತದ?"

ತಲೆಯಾಡಿಸಿದೆ. ಬೈಯುತ್ತಾನೆಂದುಕೊಂಡಿದ್ದೆ.

"ನಂಗ ಮುಂಜಾನೆ ಎದ್ದ ಕೂಡ್ಲೆ ಅಂಗಡಿ ಷಟರ್ ಎತ್ತಿದ ಸಪ್ಪಳ ಕೇಳಿಸಿಧಂಗ ಆಗತದ" ಅಂದ. "ಇಲ್ಲೆ ಕಿಡಕಿಗೂ ಷಟರ್ ಅವ. ಆದ್ರ ಸುಳೇಮಕ್ಕಳು ಸಪ್ಪಳಿಲ್ದ ಎತ್ತತಾರ." ಸ್ವಲ್ಪ ದೂರ ನಡೆದು, "ನಿಮ್ಮವ್ವಗ ಹೇಳಬ್ಯಾಡ. ನಂಗೂ ಎಣ್ಣಿ ಕುಡಸ್ತಾಳ" ಅಂದ.

ಉಳಿದ ದಿನಗಳು ಸುಲಭವಾಗಿ ಕಳೆದವು ಎಂದಲ್ಲ, ಆದರೆ ಒಬ್ಬಳೇ ಅಳುವುದು ತಪ್ಪಿತು. ಊರಿನ ಪುಟ್ಟ ರೈಲ್ವೆ ಸ್ಟೇಷನ್ನಿಗೆ ನಾವಿಬ್ಬರೂ ದಿನಾ ಹೋಗಿ ಬೆಂಚಿನ ಮೇಲೆ ಕೂಡುತ್ತಿದ್ದೆವು. ರೈಲು ಸದ್ದಿಲ್ಲದೆ ಬರುತ್ತಿತ್ತು, ನಾಲ್ಕು ಜನ ಇಳಿಯುತ್ತಿದ್ದರು, ಹೋಗುತ್ತಿತ್ತು. "ಇದ್ಯಾವ ಸ್ಟೇಷನ್? ನಮ್ಮ ದೌಂಡ ಜಂಕ್ಷನ್ ಗದ್ದಲ ನೋಡಿದ್ರ ಈ ಮಂದಿ ಎದಿ ಒಡಕೊಂಡು ಸಾಯ್ತಾರ" ಎನ್ನುತ್ತಿದ್ದ ಅಪ್ಪ. ಬೇಸರವಾದರೆ ಅಂಗಡಿ ಆಟ ಆಡುತ್ತಿದ್ದೆವು. ನಾನು ಗಿರಾಕಿ, ಅವನು ಅಂಗಡಿಕಾರ. ಗಿಳಿಹಸಿರು ಅಸ್ತರು ತೋರಿಸಿ ಎನ್ನುತ್ತಿದ್ದೆ. ತಗೊಳ್ಳುವುದಿದ್ದರೆ ತೋರಿಸುತ್ತೇನೆ ಎಂದು ಅವನು ಮರಾಠಿಯಲ್ಲಿ ಗದರುತ್ತಿದ್ದ. ಒಮ್ಮೆ ಎಷ್ಟು ಜೋರಾಗಿ ಗದರಿದನೆಂದರೆ, ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಅಜ್ಜ ಎದ್ದು ಬೇರೆ ಬೆಂಚಿಗೆ ಹೋದ.

ಹೊರಡುವ ದಿನ ಹತ್ತಿರವಾದಾಗ ಅಜ್ಜಿ ತಾನು ಬರುವುದಿಲ್ಲ ಅಂದಳು. "ನೀವು ಹೋಗ್ರಿ. ಇಲ್ಲೆ ಭಾಳ ತಂಪದ. ಆಮ್ಯಾಲ ಆ ಮುದಿಕಿಗೆ ಹಪ್ಪಳ ಲಟ್ಟಸೂದು ಇನ್ನಾ ಬಂದಿಲ್ಲ." ವೀಸಾದಲ್ಲಿ ಇನ್ನೂ ದಿನಗಳಿದ್ದವು. ಅಪ್ಪ ಎಷ್ಟು ಹೇಳಿದರೂ ಕೇಳಲಿಲ್ಲ. ಯಾರು ಊರು ನೆನೆದು ಅಳುತ್ತಾಳೆಂದು ಇಷ್ಟೆಲ್ಲ ಹೊತ್ತುಕೊಂಡು ಬಂದಿದ್ದೆವೋ ಅವಳು ಬಾಗಿಲಲ್ಲಿ ನಿಂತು ನಗುತ್ತ ಕೈ ಬೀಸಿದಳು. ಆಮೇಲೆ ಮಾಮಾನ ಜೊತೆ ಮರಳಿದವಳು ಪುಣೆಯ ಗದ್ದಲಕ್ಕೆ ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ತಿಂಗಳುಗಟ್ಟಲೆ ನಮ್ಮನ್ನು ಬೈದಳು.

ನಾವು ಮೂವರು ಮುಂಬಯಿಗೆ ಇಳಿದು, ಟ್ಯಾಕ್ಸಿಯಲ್ಲಿ ಘಾಟ ಹತ್ತಿ, ಪುಣೆ ಸೇರಿದಾಗ ಮಧ್ಯಾಹ್ನ. ಓಣಿಯಲ್ಲಿ ಕಸ ಅಲ್ಲೇ ಇತ್ತು, ನಾಯಿ ಅಲ್ಲೇ ಇತ್ತು, ನಲ್ಲಿಯಲ್ಲಿ ನೀರಿರಲಿಲ್ಲ. ಅವ್ವ ಸೂಟ್‌ಕೇಸು ಇಳಿಸುವ ಮೊದಲೇ ಮೇಲಿನ ಮನೆಯವರ ಜೊತೆ ಟ್ಯಾಂಕಿಯ ನೀರಿಗಾಗಿ ಜಗಳ ಶುರು ಮಾಡಿದಳು. ನಾನು ಮುಖ ಕೂಡ ತೊಳೆಯದೆ ಚಾಕೊಲೇಟಿನ ಪೊಟ್ಟಣ ಹಿಡಿದು ಕಟ್ಟೆಗೆ ಓಡಿದೆ. ಏನೇನು ಹೇಳಬೇಕೆಂದು ವಿಮಾನದಲ್ಲೇ ಕೂತು ಹೊಂದಿಸಿಟ್ಟಿದ್ದೆ.

ಗೆಳತಿಯರು ಎರಡು ಗುಂಪಾಗಿ, ಕಟ್ಟೆಯ ಎರಡು ತುದಿಗೆ, ಬೆನ್ನು ತಿರುಗಿಸಿ ಕೂತಿದ್ದರು. ಯಾರೋ ಯಾರದೋ ಸ್ಕೂಟಿ ಕೇಳದೆ ಒಯ್ದು ಎಲ್ಲಿಯೋ ಬೀಳಿಸಿದ್ದಳಂತೆ. ನನ್ನನ್ನು ಕಂಡು ಯಾರೂ ಜರ್ಮನಿಯ ಬಗ್ಗೆ ಕೇಳಲಿಲ್ಲ. ಎರಡೂ ಕಡೆಯವರು ಒಟ್ಟಿಗೆ ಕೇಳಿದ್ದು ಒಂದೇ: ನೀನು ಯಾರ ಕಡೆ? ನಾನು ನಡುವೆ ಕೂತು, ಚಾಕೊಲೇಟು ನಾನೇ ಬಿಚ್ಚಿ ತಿನ್ನುತ್ತ, ಎರಡೂ ಕಡೆಯ ಮಾತನ್ನು ಸಾವಕಾಶವಾಗಿ ಕೇಳಿಸಿಕೊಂಡೆ. ಸಂಜೆ, ಸಂಜೆಯ ಹೊತ್ತಿಗೇ ಕತ್ತಲಾಯಿತು. ಅಷ್ಟರೊಳಗೆ ಇಬ್ಬರು ನನ್ನ ಜೊತೆ ಮಾತು ಬಿಟ್ಟಿದ್ದರು.