ತಂಗಿಯ ಎದೆಯಲ್ಲಿ ಕಂಡ ಗಡ್ಡೆ

ಎಕ್ಸ್‌ರೇ ಯಂತ್ರ ಮೈಯೊಳಗಿನದನ್ನು ಮಾತ್ರ ನೋಡುತ್ತದೆ, ಮೇಲಿರುವುದು ಅದಕ್ಕೆ ಕಾಣುವುದಿಲ್ಲ ಎಂದು ನಾನು ನಂಬಿದ್ದೆ. ಮೂರನೆಯ ಇಯತ್ತೆಗೇ ಸಾಲೆ ಬಿಟ್ಟು ರಾಟಿಯ ಮುಂದೆ ಕುಳಿತವಳಿಗೆ ಅದನ್ನು ತಿಳಿಸಿ ಹೇಳುವವರು ಯಾರಿದ್ದರು?

ರಬಕವಿಯ ನಮ್ಮ ಮನೆಯಲ್ಲಿ ಅಪ್ಪ ಮಗ್ಗಕ್ಕೆ ಕುಳಿತರೆ ನಾನೂ ತಂಗಿಯೂ ನೂಲು ಸುತ್ತಿ ಕೊಡುತ್ತಿದ್ದೆವು. ಮಳೆಗಾಲದಲ್ಲಿ ಅವಳಿಗೆ ಹತ್ತಿದ ಕೆಮ್ಮು ಚಳಿ ಬಿದ್ದರೂ ಬಿಡಲಿಲ್ಲ. ಅಪ್ಪ ನಮ್ಮಿಬ್ಬರನ್ನೂ ಜಮಖಂಡಿಯ ಡಾಕ್ಟರರ ಹತ್ತಿರ ಕರೆದೊಯ್ದ. ಹೊರಡುವಾಗ ಅವ್ವ ನನ್ನನ್ನು ಬಾಗಿಲಲ್ಲಿ ತಡೆದಳು.

"ಅಲ್ಲಿ ಮೈಮ್ಯಾಗಿಂದೆಲ್ಲಾ ಬಿಚ್ಚಸ್ತಾರಂತ. ಬಳಿ ತಗಸ್ಲಿ, ಸರ ತಗಸ್ಲಿ. ಕೊರಳಾಗಿನ ಲಿಂಗ ಮಾತ್ರ ತಗಸಗೊಡಬ್ಯಾಡ. ನೀ ದೊಡ್ಡಾಕಿ, ನಿನ್ನ ಮ್ಯಾಲ ಬಿಟ್ಟೇನಿ."

ಲಿಂಗ ಮೈಬಿಟ್ಟು ಇರಬಾರದು ಎನ್ನುವುದು ನಮ್ಮಲ್ಲಿ ಯಾರೂ ಕಲಿಸದೆಯೇ ಬರುತ್ತದೆ. ಉಳ್ಳವರು ಅದನ್ನು ಬೆಳ್ಳಿಯ ಕರಡಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ನಾವು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಎದೆಯ ಮೇಲೆ ಇಳಿಬಿಡುತ್ತಿದ್ದೆವು.

ಎಕ್ಸ್‌ರೇ ಕೋಣೆಯ ಕಿಟಕಿಗೆ ಕರಿಯ ಪರದೆ ಹಾಕಿದ್ದರು. ಮರೆಯಲ್ಲಿ ತಂಗಿಗೆ ಆಸ್ಪತ್ರೆಯ ಅಂಗಿ ತೊಡಿಸುವಾಗ ಅವಳು ಪಿಸುಗುಟ್ಟಿದಳು: "ಅಕ್ಕಾ, ಇದನ್ನ ತಗೀಲ್ಯಾ?"

"ಬ್ಯಾಡ. ಒಳಗ ಸೇರಿಸು."

ಆಚೆಯಿಂದ ಯಂತ್ರದವನು ಕೇಳಿದ: "ಕೊರಳಾಗಿಂದೆಲ್ಲಾ ತಗದೀರೇನು?"

"ಹ್ಞೂಂರಿ, ತಗದೇವ್ರಿ," ಅಂದೆ ನಾನು.

ಡಾಕ್ಟರರು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಪಕ್ಕೆಲುಬುಗಳ ನಡುವೆ, ಕೋಳಿಮೊಟ್ಟೆಯಷ್ಟು ದುಂಡಗಿನ ಬಿಳಿಯದೊಂದು ಕೂತಿತ್ತು.

"ಗಡ್ಡಿ ಇದ್ದಂಗ ಕಾಣತೈತಿ. ಮಿರಜಿನ ದೊಡ್ಡ ದವಾಖಾನಿಗೆ ಕರಕೊಂಡು ಹೋಗ್ರಿ. ಕೊರದು ತಗೀಬೇಕಾಗಬಹುದು. ಕೆಮ್ಮಿನ ಮಾತು ಆಮ್ಯಾಲ."

ಅಪ್ಪ ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ತಂಗಿ ನನ್ನ ಸೆರಗು ಹಿಡಿದಳು.

ಹೊರಗೆ ನಾವು ಕುಳಿತ ಮರದ ಬಾಕಿನ ಮೇಲೆ ಹುನ್ನೂರಿನ ಕಡೆಯ ಒಬ್ಬ ಮುದುಕ ತನ್ನ ಮಗನೊಂದಿಗೆ ಕುಳಿತಿದ್ದ. ಮಗ ಅವನ ಎಕ್ಸ್‌ರೇಯನ್ನು ಬಿಸಿಲಿಗೆ ಎತ್ತಿ ಹಿಡಿದು ನಗುತ್ತಿದ್ದ.

"ಯಪ್ಪಾ, ಅಂಗಿ ಬಿಚ್ಚಂದ್ರ ಬಿಚ್ಚಲಿಲ್ಲ ನೋಡ. ನಿನ್ನ ಹಿತ್ತಾಳಿ ಗುಂಡಿ ಸೈತ ಬಂದಾವು!"

"ಬರ್ಲಿ ಬಿಡಲೇ. ನನ್ನ ಎಲುಬಿಗಿಂತ ಅವ ಛಲೋ ಅದಾವು."

ಎಲ್ಲರೂ ನಕ್ಕರು. ಗುಂಡಿ ಬರುವುದಾದರೆ ಲಿಂಗದ ಗಂಟೂ ಬರುತ್ತದೆ. ಡಾಕ್ಟರರು ಇನ್ನೂ ಒಳಗೇ ಇದ್ದರು, ಬಾಗಿಲೂ ತೆರೆದಿತ್ತು. ನಾನು ಎದ್ದೆ. ಆದರೆ ಸುಳ್ಳು ಹೇಳಿದೆನೆಂದು ಅಪ್ಪನ ಎದುರು ಹೇಗೆ ಒಪ್ಪಿಕೊಳ್ಳಲಿ? ನಮ್ಮ ಲಿಂಗವನ್ನೇ ರೋಗವೆಂದು ಓದಿಸಿದೆನೆಂದು ಅವ್ವನಿಗೆ ಏನೆಂದು ಹೇಳಲಿ? ಖರೆಯ ಗಡ್ಡೆಯೇ ಇದ್ದರೂ ಇರಬಹುದು, ನನಗೇನು ತಿಳಿಯುತ್ತದೆ ಎಂದುಕೊಂಡೆ. ಮತ್ತೆ ಕುಳಿತುಬಿಟ್ಟೆ.

ಮಿರಜಿಗೆ ಕೂಡಲೇ ಹೋಗಲಿಲ್ಲ. ಮಗ್ಗಕ್ಕೆ ಏರಿಸಿದ ಸೀರೆಗಳ ಹಾಸುನೂಲು ಅರ್ಧ ಉಳಿದಿತ್ತು. ಅದನ್ನು ನೇಯ್ದು ಮುಗಿಸದೆ ಅಪ್ಪ ಏಳುವಂತಿರಲಿಲ್ಲ. ಸೀರೆ ಮುಗಿದಂತೆಲ್ಲ ಮಿರಜು ಹತ್ತಿರವಾಗುತ್ತಿತ್ತು. ನೂಲು ಹರಿದು ಮಗ್ಗ ನಿಂತರೆ ನನಗೆ ಉಸಿರು ಬರುತ್ತಿತ್ತು, ಮತ್ತೆ ಲಾಳಿ ಓಡಿದರೆ ಉಳಿದ ಸೀರೆ ಎಣಿಸುತ್ತಿದ್ದೆ. ಕೆಮ್ಮು ಹೆಚ್ಚುತ್ತಲೇ ಇತ್ತು. ತಂಗಿ ಒಬ್ಬಳೇ ಕುಳಿತಾಗ ರವಿಕೆಯ ಮೇಲೆ ಬೆರಳೊತ್ತಿ ಗಡ್ಡೆ ಹುಡುಕುತ್ತಿದ್ದಳು.

"ಅಕ್ಕಾ, ಕೊರಿಯೂಮುಂದ ಎಚ್ಚರ ಇರತೈತೇನ?"

"ಇಲ್ಲ. ನಿದ್ದಿ ಬರಸ್ತಾರಂತ."

"ಏಳಲಿಲ್ಲಂದ್ರ?" ಎಂದು ಕೇಳಿ, ನನ್ನ ಮುಖ ನೋಡಿ ತಾನೇ ನಕ್ಕಳು. "ಏಳಲಿಲ್ಲಂದ್ರ ನನ್ನ ಕೆಂಪ ಸೀರಿ ನೀನ ಉಟ್ಗೋ. ಸೆರಗಿಗೆ ಎಣ್ಣಿ ಹತ್ತಿಸೀ ಅಂದ್ರ ಬಂದು ಕುತ್ತಿಗಿ ಹಿಡೀತೇನಿ."

ಆಗಲೂ ನಾನು ರಾಟಿ ತಿರುಗಿಸುತ್ತಲೇ ಇದ್ದೆ.

ಮಿರಜಿನಲ್ಲಿ, ನಾವು ಒಯ್ದ ಫೋಟೋ ನೋಡಿ, ಕೊರೆಯುವ ಮೊದಲು ಇನ್ನೊಂದು ಬೇಕೆಂದರು. ಕನ್ನಡ ಬಲ್ಲ ನರ್ಸಬಾಯಿಯೊಬ್ಬಳು ತಂಗಿಯ ಕೊರಳಿಗೆ ಕೈ ಹಾಕಿ, ಗಂಟು ಸಿಕ್ಕೊಡನೆ, "ಲಿಂಗ ಐತೇನವಾ? ಮೈಬಿಟ್ಟು ಇಡಬ್ಯಾಡ, ಕೊರಳಿಂದ ಬಿಚ್ಚಿ ಅಂಗೈಯಾಗ ಹಿಡಕೊಂಡು ಕೈ ಸೊಂಟದ ಮ್ಯಾಲ ಇಡು," ಅಂದಳು. ಅಷ್ಟೇ. ಲಿಂಗ ಮೈಬಿಡಲಿಲ್ಲ, ಎದೆಯ ಮೇಲೂ ಇರಲಿಲ್ಲ. ಇಷ್ಟು ಸರಳವಾದದ್ದನ್ನು ಜಮಖಂಡಿಯಲ್ಲಿ ನಾನು ಒಂದು ಮಾತು ಕೇಳಿದ್ದರೆ ಅವರೂ ಹೇಳುತ್ತಿದ್ದರೇನೋ.

ಹೊಸ ಫೋಟೋದಲ್ಲಿ ದುಂಡು ಇರಲಿಲ್ಲ. ಅದು ಇದ್ದ ಜಾಗದಲ್ಲಿ ಮೋಡದಂಥದೊಂದು ಹರಡಿಕೊಂಡಿತ್ತು.

"ಗಡ್ಡಿ ಇಲ್ಲ. ಕ್ಷಯ ಐತಿ," ಎಂದು ಅಲ್ಲಿಯ ಡಾಕ್ಟರರು ನರ್ಸಬಾಯಿಯಿಂದ ಹೇಳಿಸಿದರು. "ಹಳೇ ಫೋಟೋದಾಗ ಇದು ದುಂಡಿನ ಹಿಂದ ಮುಚ್ಚಿಹೋಗೇತಿ. ಆಗ ಸಣ್ಣದಿತ್ತೇನೋ. ಆಗಿಂದಾನ ಔಷಧ ಸುರು ಆಗಬೇಕಿತ್ತು."

ಅಪ್ಪ ಕೊರೆಯುವುದಿಲ್ಲ ಎನ್ನುವುದನ್ನಷ್ಟೇ ಕೇಳಿಸಿಕೊಂಡು ಕೈಮುಗಿದ. ತಂಗಿ ಲಿಂಗ ಹಿಡಿದಿದ್ದ ತನ್ನ ಅಂಗೈಯನ್ನೇ ನೋಡುತ್ತಿದ್ದಳು. ಆಮೇಲೆ ನನ್ನನ್ನು ನೋಡಿದಳು.

ಬಸ್ಸಿನಲ್ಲಿ ಅಪ್ಪ ಮುಂದಿನ ಸೀಟಿನಲ್ಲಿ ತೂಕಡಿಸುವಾಗ ಅವಳು ನನ್ನ ಕಿವಿಗೆ ಬಾಗಿದಳು. "ಅಕ್ಕಾ, ಅದು ನನ್ನ ಲಿಂಗದ ಗಂಟ ಆಗಿತ್ತು. ಅವ್ವಗ ಹೇಳಬ್ಯಾಡ, ಎದಿ ಒಡಕೋತಾಳ. ನಮಗಾದ್ರೂ ಏನ ಗೊತ್ತಿತ್ತು?"

ನಾನು "ಹ್ಞೂಂ" ಅಂದೆ.

ದಿನ ತಪ್ಪದೆ ಇಂಜೆಕ್ಷನ್ ಚುಚ್ಚಿಸಿಕೊಂಡು, ಗುಳಿಗೆ ನುಂಗಿ ಅವಳು ಬದುಕಿದಳು. ಆದರೆ ಒಂದು ಕಡೆಯ ಎದೆ ಕುಗ್ಗಿಯೇ ಹೋಯಿತು. ಈಗಲೂ ನನ್ನ ಮನೆಗೆ ಬಂದರೆ ಮೆಟ್ಟಿಲ ನಡುವೆ ನಿಲ್ಲುತ್ತಾಳೆ. ಒಳಗಿನಿಂದ ನನಗೆ ಅವಳ ಉಸಿರು ಕೇಳುತ್ತದೆ, ಮತ್ತೆ ಕಾಲು ಕಿತ್ತಿಡುವವರೆಗೂ ನನ್ನ ಜೀವ ಕೈಯಲ್ಲಿರುತ್ತದೆ. ನಮಗೆ ಗೊತ್ತಿರಲಿಲ್ಲ ಎಂದೇ ಅವಳು ಇಂದಿಗೂ ತಿಳಿದಿದ್ದಾಳೆ. ಜಮಖಂಡಿಯ ಆ ಬಾಕಿನ ಮೇಲೆ ಕುಳಿತಾಗಲೇ ನನಗೆ ಗೊತ್ತಿತ್ತು. ಇದನ್ನು ಅವಳಿಗೆ ಹೇಳಬೇಕೆಂದು ಎಷ್ಟೋ ಸಲ ಬಾಗಿಲವರೆಗೆ ಹೋಗಿದ್ದೇನೆ. "ಏನ ಅಕ್ಕಾ, ಹಂಗ್ಯಾಕ ನೋಡ್ತೀ?" ಎನ್ನುತ್ತಾಳೆ. "ಏನಿಲ್ಲ, ಸಾವಕಾಶ ಬಾ," ಎನ್ನುತ್ತೇನೆ.