ಅಪ್ಪ ಹಿಡಿದ ತೋಳು

ಕರಾಟೆ ಕ್ಲಾಸಿನ ಮೊದಲ ದಿನವೇ ನನಗೆ ಅನುಮಾನ ಬಂತು. ಕಾಶಿಯ ಅಸ್ಸಿ ಘಾಟಿನ ಹತ್ತಿರ ಒಂದು ಲಾಡ್ಜಿನ ತಾರಸಿಯಲ್ಲಿ ಕ್ಲಾಸು. ಸರ್ ತಮ್ಮ ಹಿರಿಯ ಶಿಷ್ಯನನ್ನು ಕರೆದು ಮಣಿಕಟ್ಟು ಹಿಡಿಯಲು ಹೇಳಿದರು. ಅವನು ಹಿಡಿದ. ಸರ್ ಅವನ ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿ ಎಳೆದುಕೊಂಡರು. ಕೈ ಬಿಡಿಸಿಕೊಂಡದ್ದು ಸರಿ, ಶಿಷ್ಯ ನಾಲ್ಕು ಹೆಜ್ಜೆ ಹಿಂದೆ ಹೋಗಿ ಚಾಪೆಯ ಮೇಲೆ ಉರುಳಿದ್ದೇಕೆ?

ಕೇಳಿಯೇಬಿಟ್ಟೆ. "ಸರ್, ಇವರು ಬಿದ್ದದ್ದು ಯಾಕೆ? ನೀವು ತಳ್ಳಲೇ ಇಲ್ಲವಲ್ಲ."

"ಬೇಟಾ, ಇಲ್ಲಿ ಮೊದಲು ಕಲಿಯೋದು, ಆಮೇಲೆ ಕೇಳೋದು," ಎಂದರು ಸರ್ ಹಿಂದಿಯಲ್ಲಿ.

"ತಪ್ಪು ಕಲಿತ ಮೇಲೆ ಕೇಳಿ ಏನು ಉಪಯೋಗ?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನನಗೆ ಇಪ್ಪತ್ತು ಪುಶ್-ಅಪ್. ಪುಶ್-ಅಪ್ ಎಣಿಸುತ್ತಲೇ, ಶಿಕ್ಷೆ ಉತ್ತರವಲ್ಲ ಎಂದುಕೊಂಡೆ.

ಆದರೂ ಕ್ಲಾಸು ಬಿಡುವಂತಿರಲಿಲ್ಲ. ಕಾಲೇಜಿನ ಚರ್ಚಾಕೂಟ ಮುಗಿಯುವುದು ಏಳು ಗಂಟೆಗೆ. ನನ್ನನ್ನು ಕರೆದೊಯ್ಯಲು ಅಪ್ಪ ಆರೂವರೆಗೇ ಗೇಟಿನಲ್ಲಿ ನಿಂತಿರುತ್ತಿದ್ದ. ಹಾಗಾಗಿ ತಂಡದಲ್ಲಿ ಯಾವಾಗಲೂ ಮೊದಲ ಭಾಷಣವೇ ನನ್ನ ಪಾಲಿಗೆ. ಎದುರಾಳಿಗಳ ಮಾತನ್ನೆಲ್ಲ ಬಿಡಿಸಿ ಉತ್ತರಿಸುವ ಕೊನೆಯ ಭಾಷಣ ನನಗೆ ಬೇಕಿತ್ತು. ಅದಕ್ಕೆ ಅಪ್ಪನ ಷರತ್ತು ಒಂದೇ. "ಮೂರು ತಿಂಗಳು ಕಲಿ. ಆಮೇಲೆ ನನ್ನ ಕೈಯಿಂದ ಬಿಡಿಸಿಕೋ. ಬಿಡಿಸಿಕೊಂಡರೆ ಒಬ್ಬಳೇ ಬಾ."

ಎದುರಾಳಿಯೂ ಅವನೇ, ತೀರ್ಪುಗಾರನೂ ಅವನೇ. ಚರ್ಚೆಯಲ್ಲಾಗಿದ್ದರೆ ಎದ್ದು ಆಕ್ಷೇಪಿಸುತ್ತಿದ್ದೆ. ಮನೆಯಲ್ಲಿ ಒಪ್ಪಿಕೊಂಡೆ.

ಅಪ್ಪನದು ಪುರೋಹಿತಿಕೆ. ದಕ್ಷಿಣದಿಂದ ಬರುವ ಯಾತ್ರಿಕರಿಗೆ ಸಂಕಲ್ಪ ಹೇಳಿಸಿ ಗಂಗಾಸ್ನಾನ ಮಾಡಿಸುತ್ತಾನೆ. ಮೂರು ತಿಂಗಳಾದ ಮೇಲೆ ಒಂದು ಭಾನುವಾರ, ಯಾತ್ರಿಕರೆಲ್ಲ ಹೋದ ಹೊತ್ತಿಗೆ, ಹರಿಶ್ಚಂದ್ರ ಘಾಟಿನ ಪಕ್ಕದ ಮೆಟ್ಟಿಲ ಮೇಲೆ ನನ್ನ ತೋಳು ಹಿಡಿದ.

"ಅಲ್ಲಿ ಅಲ್ಲಪ್ಪಾ. ಮಣಿಕಟ್ಟು ಹಿಡಿ."

"ಮಣಿಕಟ್ಟು ಯಾರು ಹಿಡೀತಾರೆ, ಬಳೆಗಾರರಾ? ಒದ್ದೆ ಮಣಿಕಟ್ಟು ಜಾರುತ್ತೆ ಕಣೇ. ಪಾಚಿ ಮೇಲೆ ನಿಂತು ಜನರನ್ನ ಮುಳುಗಿಸಿ ಎಬ್ಬಿಸೋನು ನಾನು. ಹಿಡಿದರೆ ತೋಳೇ."

ತಿರುಗಿಸಿದೆ, ಎಳೆದೆ, ಒದೆಯುವ ಹಾಗೆ ಮಾಡಿದೆ. ಏನೂ ಆಗಲಿಲ್ಲ.

ಮರುದಿನ ಸರ್ ಹತ್ತಿರ ಹೋಗಿ ತೋಳು ಹಿಡಿದರೆ ಏನು ಮಾಡಬೇಕೆಂದು ಕೇಳಿದೆ. ಅದು ಮುಂದಿನ ಬೆಲ್ಟಿಗೆ ಎಂದರು.

"ಹಿಡಿಯೋನಿಗೆ ನನ್ನ ಬೆಲ್ಟಿನ ಬಣ್ಣ ಗೊತ್ತಿರುತ್ತಾ, ಸರ್?"

ಮತ್ತೆ ಪುಶ್-ಅಪ್.

ಮುಂದಿನ ಭಾನುವಾರ ಅಪ್ಪ ಇನ್ನೊಮ್ಮೆ ಹಿಡಿದ. ಸುಮ್ಮನೆ ತೋಳು ತಿರುಗಿಸಿದೆನಷ್ಟೇ, ಬಿಟ್ಟುಹೋಯಿತು. ಅಪ್ಪ ನದಿಯ ಕಡೆ ನೋಡುತ್ತಿದ್ದ. ಮರುದಿನವೇ ಚರ್ಚೆ, ಬಾಯಿ ಮುಚ್ಚಿಕೊಂಡಿದ್ದರೆ ಕೊನೆಯ ಭಾಷಣ ನನ್ನದು. ಎರಡು ಮೆಟ್ಟಿಲು ಹತ್ತಿ, ಮತ್ತೆ ಇಳಿದು ಬಂದೆ.

"ಅಪ್ಪಾ, ನೀನು ಬೇಕಂತಲೇ ಬಿಟ್ಟೆ."

"ನಾನ್ಯಾಕೆ ಬಿಡಲಿ?"

"ಸರ್ ಶಿಷ್ಯ ಬಿದ್ದ ಹಾಗೆ ಬಿಟ್ಟೆ. ಸರಿಯಾಗಿ ಹಿಡಿ."

"ಸಿಕ್ಕಿದ್ದನ್ನ ತಗೊಂಡು ಹೋಗೋಕೆ ಏನೇ ರೋಗ ನಿನಗೆ?"

ಈ ಸಲ ಹಿಡಿದದ್ದು ಮೂಳೆಗೆ ತಾಗಿತು. ಕಲಿತದ್ದನ್ನೆಲ್ಲ ಒಂದೊಂದಾಗಿ ಮಾಡಿ ಸೋತು, ಸಿಟ್ಟು ಬಂದು, ಇದ್ದಲ್ಲೇ ದೊಪ್ಪನೆ ಕೂತುಬಿಟ್ಟೆ. ನನ್ನ ಭಾರಕ್ಕೆ ಅಪ್ಪ ಮುಂದೆ ವಾಲಿದ, ಕಾಲು ಜಾರಿತು. ಬೀಳದಿರಲು ನನ್ನನ್ನು ಬಿಟ್ಟು ಕಲ್ಲಿಗೆ ಕೈ ಊರಿದ. ಅಂಗೈ ತರಚಿತ್ತು. ಅದನ್ನು ಹತ್ತಿರದಿಂದಲೇ ನೋಡಿದೆ, ಈ ಸಲ ನಾಟಕವಲ್ಲ.

"ಇದು ಕರಾಟೆನಾ?" ಎಂದ.

"ಅಲ್ಲ."

"ನೀರಿಗೆ ಹೆದರಿದ ಮುದುಕಿಯರು ಹೀಗೇ ಕೂತುಬಿಡ್ತಾರೆ. ಒಬ್ಬರನ್ನೂ ಎಬ್ಬಿಸೋಕಾಗಿಲ್ಲ ನನ್ನ ಕೈಲಿ."

"ಮೊದಲೇ ಹೇಳಬಹುದಿತ್ತಲ್ಲ."

"ಹೇಳಿದ್ದರೆ ನಂಬ್ತಿದ್ದೆಯಾ?"

ಬೊಗಸೆಯಲ್ಲಿ ನೀರು ತಂದು ಅವನ ಅಂಗೈ ಮೇಲೆ ಸುರಿದೆ.

ಸೋಮವಾರ ಕೊನೆಯ ಭಾಷಣ ಮಾಡಿದೆ. ಏಳೂಕಾಲಿಗೆ ಗೇಟಿನಲ್ಲಿ ಯಾರೂ ಇರಲಿಲ್ಲ. ಅಸ್ಸಿಯ ಚಹಾದಂಗಡಿಗಳನ್ನು ದಾಟಿ ಗಲ್ಲಿಯಲ್ಲಿ ನಡೆಯುವಾಗ ಮೂರು ಸಲ ತಿರುಗಿ ನೋಡಿದೆ. ಎರಡು ಸಲ ಅಪರಿಚಿತರಿಗಾಗಿ, ಒಂದು ಸಲ ಅಪ್ಪನಿಗಾಗಿ. ಕಾವಲಿಗೆ ಬಂದು ಬೇರೆ ಗಲ್ಲಿಯಿಂದ ನನಗಿಂತ ಮುಂಚೆ ಮನೆ ಸೇರಿದ್ದಾನೇನೋ ಅನ್ನಿಸಿ, ಬಾಗಿಲಲ್ಲಿ ಬಗ್ಗಿ ಅವನ ಚಪ್ಪಲಿ ಬೆಚ್ಚಗಿದೆಯಾ ಎಂದು ಮುಟ್ಟಿದೆ.

"ಬೆಳಗ್ಗೆಯಿಂದ ಹಾಕೇ ಇಲ್ಲ ಕಣೇ," ಎಂದ ಅಪ್ಪ ಒಳಗಿನಿಂದ. "ಊಟಕ್ಕೆ ಬಾ."

ಪೂರ್ತಿ ನಂಬಿದೆ ಎನ್ನಲಾರೆ. ಕೈ ತೊಳೆದು ಹೋಗಿ ಅವನ ಪಕ್ಕ ಕೂತೆ.